ಟೇಪಣ್ಣನ ಕೊರಳಿನ ಗಂಟು

ನಮ್ಮ ಬೀದಿಯ ದರ್ಜಿಗೆ ಟೇಪಣ್ಣ ಎಂದು ಹೆಸರಿಟ್ಟವರು ಯಾರೋ ತಿಳಿಯದು. ಅವನು ಹುಟ್ಟುವಾಗಲೇ ಕೊರಳಲ್ಲಿ ಅಳತೆ ಟೇಪು ಇತ್ತೆಂದು ನಾನಂತೂ ಪ್ರಮಾಣ ಮಾಡಿ ಹೇಳಬಲ್ಲೆ. ಅರ್ಧ ಮೈಲಿ ಆಚೆ ನಡೆಯುವವನ ಸೊಂಟ ಎಷ್ಟೆಂದು ಹೇಳುತ್ತಿದ್ದ. ಗಾಳಿ ಎರಡು ನಿಮಿಷ ಸುಮ್ಮನೆ ನಿಂತಿದ್ದರೆ ಅದಕ್ಕೂ ಅಂಗಿ ಹೊಲಿದುಬಿಡುತ್ತಿದ್ದ. ಪಕ್ಕದ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂತು ಇಪ್ಪತ್ತೆಂಟು ವರ್ಷ ಅವನ ಯಂತ್ರದ ಸದ್ದು ಕೇಳಿದವನು ನಾನು.

ಇಂಥ ಅಳತೆಗಾರ ತನ್ನ ಮೈಯ ಅಳತೆಯಲ್ಲೇ ಎಡವಿದ. ಕಳೆದ ವರ್ಷ ಅಂಗಿಯ ಕೊರಳು ಬಿಗಿಯಾಯಿತು. ಗುಂಡಿ ಕಿತ್ತು ಅರ್ಧ ಇಂಚು ಅಂಚಿಗೆ ಸರಿಸಿ ಹೊಲಿದುಕೊಂಡ. ಎರಡು ತಿಂಗಳಿಗೆ ಮತ್ತೆ ಬಿಗಿ, ಮತ್ತೆ ಸರಿಸಿದ. ಮೂರನೇ ಸಲ ಸರಿಸಲು ಜಾಗವೇ ಇಲ್ಲದೆ ಕಾಲರನ್ನೇ ಬಿಚ್ಚಿ ದೊಡ್ಡದು ಕೂರಿಸಿದ. ಅತ್ತ ಪ್ಯಾಂಟು ಜಾರತೊಡಗಿತ್ತು. ಅದನ್ನು ಹಿಡಿದು ಹೊಲಿದ. ಕೈಕೆಲಸ ಎಷ್ಟು ಅಚ್ಚುಕಟ್ಟೆಂದರೆ, ಎಡಗಿವಿಯ ಕೆಳಗೆ ಬೆಳೆಯುತ್ತಿದ್ದ ಗಂಟು ನನಗೂ ಕಾಣಲಿಲ್ಲ.

ಆ ತಿದ್ದಿದ ಹೊಲಿಗೆಗಳು ಕಂಡದ್ದು ಹೆಂಡತಿಗೆ, ಬಟ್ಟೆ ಒಗೆಯುವಾಗ.

“ರೀ, ಏನಿದು? ಕೊರಳಿಗೆ ಸಾಲಲ್ಲ, ಸೊಂಟಕ್ಕೆ ಜಾಸ್ತಿ!”

“ಬಟ್ಟೆ ಕಳಪೆ ಕಣೇ. ನೀರಿಗೆ ಹಾಕಿದ್ರೆ ಹಂಗೇ.”

“ಅಂಗಿ ಕುಗ್ಗಿಸಿ ಪ್ಯಾಂಟು ಹಿಗ್ಗಿಸೋ ನೀರು ನಮ್ಮನೆ ನಲ್ಲೀಲಿ ಮಾತ್ರ ಬರುತ್ತಾ? ದಿಂಬು ಬೇರೆ ದಿನಾ ಬೆವರಲ್ಲಿ ತೊಯ್ದಿರುತ್ತೆ. ಎಲ್ಲಿ, ಕತ್ತು ತೋರ್ಸಿ.”

“ನೋವೇ ಇಲ್ವಲ್ಲೇ. ನೋಯದೇ ಇರೋದನ್ನ ಡಾಕ್ಟ್ರಿಗೆ ಏನಂತ ಹೇಳ್ಲಿ?”

ಎರಡನೇ ಸಲ ಗುಂಡಿ ಸರಿಸುವಾಗಲೇ ಅವನಿಗೆ ಕೆಟ್ಟ ರೋಗದ ಅನುಮಾನ ಬಂದಿತ್ತು. ಹೆಸರಿಟ್ಟು ಕರೆದರೆ ಅದು ಎದುರಿಗೆ ಬಂದು ನಿಂತೀತೆಂದು ಬಾಯಿ ಬಿಡಲಿಲ್ಲವಂತೆ. ಇದನ್ನು ಆಮೇಲೆ ನನಗೆ ಹೇಳಿದ.

ಹೆಂಡತಿ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಕತ್ತು, ಕಂಕುಳು, ತೊಡೆಸಂದು ಎಲ್ಲ ಒತ್ತಿ ನೋಡಿದರು. “ಇವು ದುಗ್ಧರಸದ ಗ್ರಂಥಿಗಳು. ಕಾವಲುಗಾರರು ಅನ್ಕೊಳ್ಳಿ. ಸೋಂಕು ಬಂದ್ರೆ ಊದ್ಕೊಂಡು ಹೋರಾಡ್ತವೆ, ಆಗ ನೋಯುತ್ತೆ, ವಾರ ಹದಿನೈದು ದಿನಕ್ಕೆ ಇಳಿಯುತ್ತೆ. ನಿಮ್ಮದು ನೋಯ್ತಿಲ್ಲ, ಇಳೀತಾನೂ ಇಲ್ಲ. ನನಗೆ ಯೋಚ್ನೆ ಆಗಿರೋದೇ ಅದಕ್ಕೆ.” ಒಂದು ಗಂಟನ್ನು ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶಕ್ಕೆ ಹತ್ತು ದಿನ. ಆ ಹತ್ತು ದಿನಗಳಲ್ಲಿ ಒಂದೊಂದೂ ಒಂದು ವರ್ಷದಷ್ಟಿತ್ತು. ನನ್ನ ಅಂಗಡಿಯ ಗಡಿಯಾರಗಳೇ ಸಾಕ್ಷಿ. ಟೇಪಣ್ಣನಿಗೆ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ಒಂದು ಅಂಗಿಗೆ ಎರಡೂ ಎಡತೋಳನ್ನೇ ಕತ್ತರಿಸಿಟ್ಟ.

“ಬಿಡೋ, ಯಾರಾದ್ರೂ ಎಡಚ ಸಿಗ್ತಾನೆ” ಅಂದೆ. ನಗಲಿಲ್ಲ. ಅಂಥ ಮಾತಿಗೆ ಅವನು ನಗದಿದ್ದದ್ದು ಅದೇ ಮೊದಲು.

ಹನ್ನೊಂದನೆಯ ದಿನ ಹೆಸರು ಬಂತು: ಲಿಂಫೋಮಾ. ಆ ಕಾವಲುಗಾರರಿಗೇ ಹಿಡಿಯುವ ಕ್ಯಾನ್ಸರು. ಸ್ಕ್ಯಾನು ಮಾಡಿದರೆ ಎದೆಯೊಳಗೂ ಗಂಟು, ಹೊಟ್ಟೆಯೊಳಗೂ ಗಂಟು. ಮೂರನೇ ಹಂತ ಅಂದರು.

“ಡಾಕ್ಟ್ರಮ್ಮ, ಮೊದಲನೇ ಗುಂಡಿ ಸರಿಸಿದಾಗ್ಲೇ ಬಂದಿದ್ರೆ?”

ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ಪಕ್ಕಕ್ಕಿಟ್ಟರು. “ಬಂದಿದ್ರೆ ಒಳ್ಳೇದಿತ್ತು. ಆದ್ರೆ ಈ ಜಾತಿ ಗಂಟು ಔಷಧಿಗೆ ಬಗ್ಗುತ್ತೆ. ಈ ಹಂತದಲ್ಲಿ ಬಂದವರೂ ಬಹಳ ಜನ ವಾಸಿಯಾಗಿದ್ದಾರೆ. ಎಲ್ಲರೂ ಅಂತ ಸುಳ್ಳು ಹೇಳಲ್ಲ.”

“ನಾನು ಯಾವ ಕಡೆ?”

“ಎರಡು ತಿಂಗಳು ಔಷಧಿ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿದ್ರೆ ತಿಳಿಯುತ್ತೆ.”

ಸೋಮವಾರ ಔಷಧಿಯ ಮೊದಲ ಡ್ರಿಪ್ಪು. ಆಸ್ಪತ್ರೆಯ ಸಾಲು ಕುರ್ಚಿಗಳ ಕೋಣೆಗೆ ನಾನೂ ಹೋಗಿದ್ದೆ. ನಗಿಸಲೆಂದು ದಾರಿಯುದ್ದಕ್ಕೂ ಹೆಣೆದುಕೊಂಡಿದ್ದ ನೂರೊಂದು ಸುಳ್ಳುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಸೂಜಿ ಒಳಗಿಳಿಯುತ್ತಲೇ ಟೇಪಣ್ಣ ಹೆಂಡತಿಯ ಮಣಿಕಟ್ಟು ಹಿಡಿದ.

“ಮೆಲ್ಲಗೆ ರೀ, ಕೈ ನೋಯುತ್ತೆ.”

“ಹೆದರಿಕೆ ಆಗ್ತಿದೆ ಕಣೇ.”

ಆರು ತಿಂಗಳಿಂದ ಗಂಟಲಲ್ಲಿ ಹಿಡಿದಿಟ್ಟ ಮಾತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. “ನಂಗೂ” ಅಂದು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.