ಸುಡದ ಬಟ್ಟೆ

ದೋಹಾ ಹತ್ತಿರ ಅಲ್ ವುಕೈರ್‌ನ ಈ ಫ್ಲ್ಯಾಟಿನಲ್ಲಿ ನನ್ನ ಸೊಸೆ ಗಂಜಿಯ ಪಾತ್ರೆ ಇಳಿಸುವಾಗ ಹೂವಿನ ಚಿತ್ರದ ದಪ್ಪ ಗ್ಲೌಸು ಹಾಕಿಕೊಳ್ಳುತ್ತಾಳೆ. "ಗಂಜಿ ಇಳಿಸಲಿಕ್ಕೆ ಇಷ್ಟು ಶೃಂಗಾರವಾ ಮಗಳೇ?" ಎಂದು ದಿನಾ ಕಿಚಾಯಿಸುತ್ತಿದ್ದೆ. ಇವತ್ತು ಆ ಗ್ಲೌಸನ್ನೇ ನೋಡುತ್ತಾ ಕೂತೆ.

ನಿನ್ನೆ ಡಾಕ್ಟರು ನನ್ನ ಎದೆಯ ಎಕ್ಸ್‌ರೇ ನೋಡುತ್ತಾ, "ಹಡಗಿನ ಇಂಜಿನ್ ರೂಮಿನಲ್ಲಿ ದುಡಿದಿದ್ದೀರಾ?" ಎಂದರು. ನಾನೋ, ಶಿಪ್ಪಿಂಗ್ ಆಫೀಸಿನಲ್ಲಿ ಕಾಗದ ತಿದ್ದುತ್ತಾ ಮುದುಕನಾದವನು. ದೋಣಿ ಹತ್ತಿದರೆ ವಾಂತಿ. "ನಾನಲ್ಲ, ನನ್ನ ಉಪ್ಪ" ಎಂದೆ. ನಮ್ಮಲ್ಲಿ ತಂದೆಗೆ ಹಾಗನ್ನುತ್ತೇವೆ, ತಾಯಿಗೆ ಉಮ್ಮ. "ಶ್ವಾಸಕೋಶದಲ್ಲಿ ಕಲೆಗಳಿವೆ. ಆಸ್ಬೆಸ್ಟಾಸ್ ಧೂಳಿನವು. ಬೆಂಕಿಗೆ ಸುಡದ ಆ ನಾರಿನ ಧೂಳು ಒಳಗೆ ಹೋದರೆ ಹೊರಬರುವುದಿಲ್ಲ" ಎಂದರು.

ಉಪ್ಪನ ಹಡಗು ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಗಡಿಬಿಡಿಯಲ್ಲಿ ಕಟ್ಟಿದ್ದು. ಮದ್ದುಗುಂಡು, ಲಾರಿ, ಸಿಪಾಯಿಗಳ ಬೂಟು ಹೊತ್ತಿತು. ಯುದ್ಧ ಮುಗಿದ ಮೇಲೆ ಬಣ್ಣ, ಬಾವುಟ, ಹೆಸರು ಬದಲಿಸಿಕೊಂಡು ಬೊಂಬಾಯಿಗೆ ಬಂತು. ಈ ದೋಹಾಕ್ಕೂ ಅಕ್ಕಿ, ಸಿಮೆಂಟು ತಂದಿತ್ತಂತೆ. ಗುಜರಿಗೆ ಹೋಗುವವರೆಗೂ ಅದರ ಬಾಯ್ಲರಿನ ಮುಂದೆ ಬೆವರು ಸುರಿಸಿದವರು ಉಪ್ಪ. "ಟಾರ್ಪೆಡೋಗೇ ಹೆದರದ ಹಡಗು ಮಾರಾಯ!" ಎಂದು ರಜೆಯಲ್ಲಿ ಬಡಾಯಿ ಕೊಚ್ಚುತ್ತಿದ್ದರು.

ಊರಿನಲ್ಲಿ ನಮ್ಮ ಓಣಿಯ ಹಡಗಿನ ಕೆಲಸದವರಿಗೊಂದು ಪದ್ಧತಿಯಿತ್ತು. ಬಾಯ್ಲರಿನ ಪೈಪಿಗೆ ಸುತ್ತುವ ಬಿಳಿ ಬಟ್ಟೆಯ ತುಂಡನ್ನು ಮನೆಗೆ ತರುವುದು. ಉಮ್ಮ ಅದರಲ್ಲೇ ಬಿಸಿ ಪಾತ್ರೆ ಇಳಿಸುತ್ತಿದ್ದರು. ಮಸಿಯಾದರೆ ಒಗೆಯುವ ರಗಳೆಯೇ ಇಲ್ಲ, ಒಲೆಯೊಳಕ್ಕೆ ಎಸೆದರಾಯಿತು, ಬೆಳ್ಳಗಾಗಿ ಹೊರಬರುತ್ತಿತ್ತು. ಕೊಡವುವ ಕೆಲಸಕ್ಕೆ ನಾನು, ತಂಗಿ ಆಯಿಶಾ ಜಗಳವಾಡುತ್ತಿದ್ದೆವು. ಬಿಸಿಲಕೋಲಿನಲ್ಲಿ ಧೂಳು ಮಿನುಗಿದರೆ ನಮಗೆ ಹಬ್ಬ.

ಉಪ್ಪ ಕೆಮ್ಮಿ ಕೆಮ್ಮಿ ಹೋದರು. ಬೀಡಿ ಎಂದೆವು. ಆಮೇಲೆ ಉಮ್ಮ ಉಸಿರಿಗೆ ಬಡಿದಾಡಿ ಹೋದರು. ಒಲೆಯ ಹೊಗೆ ಎಂದೆವು. ಯಾ ಅಲ್ಲಾಹ್, ಪಾಪದ ಒಲೆಗೆ ಎಷ್ಟು ಬೈದಿದ್ದೇವೆ!

ಗಂಜಿ ಆರುತ್ತಿತ್ತು. ಊರಿಗೆ ಫೋನು ಹಚ್ಚಿದೆ. "ಆಯಿಶಾ, ಉಪ್ಪ ತಂದ ಆ ಬಿಳಿ ಬಟ್ಟೆ ಏನಾಯ್ತು?"

"ಉಂಟಲ್ಲ! ಉಪ್ಪನ ನೆನಪು, ಬಿಸಾಡ್ತಾರಾ? ಹರಿದು ಎರಡು ಮಾಡಿದೆ. ಅರ್ಧ ಮಗಳ ಮನೆಯಲ್ಲುಂಟು. ಮೊಮ್ಮಕ್ಕಳು ಕೊಡವಿ ಕೊಡವಿ ಆಡ್ತಾವೆ."

ಡಾಕ್ಟರು ಹೇಳಿದ್ದೆಲ್ಲ ಹೇಳಿದೆ, ಆ ಬಟ್ಟೆಯೇ ಆಸ್ಬೆಸ್ಟಾಸ್ ಎಂದೂ.

"ಉಪ್ಪ ಪ್ರೀತಿಯಿಂದ ತಂದದ್ದಲ್ವಾ ಅಣ್ಣ?"

"ಪ್ರೀತಿಯಿಂದಲೇ" ಎಂದೆ. "ಕೊಡವಬೇಡ. ನೀರು ಹಾಕಿ ಒದ್ದೆ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡು. ಮೊದಲು ಮಗಳಿಗೆ ಫೋನ್ ಮಾಡು."