ನನ್ನ ಕಿವಿ ಕೇಳಿದ ಮಾಸ್ತರರು

ಕೊರೊನಾ ಮುಗಿದ ಮರುವರ್ಷ ನನಗೆ ಥೈರಾಯ್ಡ್ ಗಂಟಿನ ಆಪರೇಷನ್ ಆಯಿತು. ಗಂಟಿನ ಜೊತೆ ದನಿಯೂ ಹೋಯಿತು. ಕೆಲವರಿಗೆ ಹೀಗಾಗುತ್ತದೆ, ನಿಧಾನಕ್ಕೆ ಮರಳಬಹುದು ಎಂದಿದ್ದರು ಡಾಕ್ಟರು. ಮರಳಿದ್ದು ಬರೀ ಗಾಳಿ ತುಂಬಿದ ಪಿಸುಮಾತು.

ಸೇಡಂನ ನಮ್ಮ ಓಣಿಯಲ್ಲಿ ತೊಟ್ಟಿಲ ಕಾರ್ಯವಿರಲಿ, ಅರಿಷಿಣ ಹಚ್ಚುವುದಿರಲಿ, ಹಾಡಲು ನನ್ನನ್ನೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಹಾಡು ಕಲಿತವಳು ನಾನು. ದನಿ ಹೋದ ಮೇಲೆ ಯಾರ ಮನೆಗೂ ಹೋಗದೆ ಉಳಿದೆ. ಬೇರೆಯವರು ಹಾಡುವಾಗ ಸುಮ್ಮನೆ ಕೂಡುವುದು ನನ್ನಿಂದ ಆಗುತ್ತಿರಲಿಲ್ಲ.

ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಯಜಮಾನರು ಇದನ್ನು ನೋಡಿ ನೋಡಿ, "ನನ್ನ ತಂಗಿ ಮನಿಗರೆ ಹೋಗಿ ನಾಕ ದಿನ ಇದ್ದು ಬಾ" ಎಂದು ಶಹಾಬಾದಿಗೆ ಕಳಿಸಿದರು.

ನಾದಿನಿ ಶರಣಮ್ಮನ ಮನೆಯ ಹಿಂದೆ ಕರೀಂ ಮಾಸ್ತರರ ಮನೆ. ಅವರು ದಿಲ್‌ರುಬಾ ಎಂಬ ವಾದ್ಯವನ್ನು ಮಾಡುತ್ತಾರೆ, ನುಡಿಸುತ್ತಾರೆ, ಬಂದವರಿಗೆ ಕಲಿಸುತ್ತಾರೆ. ಅದು ಸಿತಾರಿನ ಹಾಗೆ ಮೆಟ್ಟುಗಳಿರುವ ವಾದ್ಯ, ಆದರೆ ಪಿಟೀಲಿನ ಹಾಗೆ ಕಮಾನಿನಿಂದ ನುಡಿಸಬೇಕು. ಹೊಟ್ಟೆಗೆ ಆಡಿನ ಚರ್ಮ ಬಿಗಿದಿರುತ್ತದೆ. ನುಡಿಸುವ ತಂತಿಗಳ ಕೆಳಗೆ ಇನ್ನೊಂದು ಸಾಲು ಸಣ್ಣ ತಂತಿಗಳು. ಮೇಲಿನ ತಂತಿ ನುಡಿದರೆ ಇವು ತಾವೇ ಮಿಡಿಯುತ್ತವೆ. ಇಂಥ ವಾದ್ಯ ಇದೆಯೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಶರಣಮ್ಮ ಮಾಸ್ತರರಿಗೆ ಹೋಳಿಗೆ ಕೊಡಲು ಹೊರಟಳು. "ನೀವೂ ಬರ್ರಿ ವೈನಿ" ಎಂದು ನನ್ನನ್ನೂ ಎಬ್ಬಿಸಿದಳು. ಎಪ್ಪತ್ತು ದಾಟಿದ ಮಾಸ್ತರರು ಫರಸಿಕಲ್ಲಿನ ನೆಲದ ಮೇಲೆ ಕುಳಿತು ಆಗಷ್ಟೇ ಮುಗಿದ ವಾದ್ಯಕ್ಕೆ ತಂತಿ ಬಿಗಿಯುತ್ತಿದ್ದರು. "ಕುಂದ್ರಿ, ಕೇಳ್ರಿ" ಎಂದು ಕಮಾನು ಎಳೆದರು.

ಮನುಷ್ಯರ ಗಂಟಲಿನಂಥದೇ ದನಿ. ಆದರೆ ಅದರೊಳಗೆ ಏನೋ ಚುಚ್ಚುತ್ತಿತ್ತು. ಕೆಳಗಿನ ಒಂದು ಸಣ್ಣ ತಂತಿ ಶ್ರುತಿ ತಪ್ಪಿತ್ತು. ಮೈಮರೆತು ಕೈ ಎತ್ತಿಬಿಟ್ಟೆ.

ಮಾಸ್ತರರು ನಿಲ್ಲಿಸಿದರು. "ಯಾಕ ತಾಯಿ?"

ನನ್ನ ಪಿಸುಮಾತು ಅವರಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ತಂತಿ ತೋರಿಸಿದೆ. ಅವರು ಅದನ್ನು ಬಿಗಿಯುವ ಬಿರಟೆ ತಿರುವಿದರು. ಸಾಲದು ಎಂದು ತಲೆಯಾಡಿಸಿದೆ. ಇನ್ನಷ್ಟು ತಿರುವಿದರು. ಹೆಚ್ಚಾಯಿತು ಎಂದು ಕೈಯಾಡಿಸಿದೆ. ಕೊನೆಗೆ ಅದು ಸರಿಯಾದ ಜಾಗಕ್ಕೆ ಬಂದು ಕೂತಾಗ ಮತ್ತೆ ಕಮಾನು ಎಳೆಯಲು ಸನ್ನೆ ಮಾಡಿದೆ. ಈ ಸಲ ಕೋಣೆಯ ತುಂಬ ನಾದ ಹಬ್ಬಿತು.

ಅವರು ಕಮಾನು ಕೆಳಗಿಟ್ಟರು. ಆಮೇಲೆ ಶರಣಮ್ಮನ ಕಡೆ ನೋಡಿ ಹೇಳಿದರು: "ಸಣ್ಣ ತಂತಿ ದನಿ ನನಗ ಕೇಳಸಂಗಿಲ್ಲವ್ವ. ಕಿವಿಗಿ ಮಷೀನ್ ಹಾಕ್ಕೊಂಡ್ರ ಎಲ್ಲಾ ಗರಗರ ಅಂತದ. ಯಾರಿಗೂ ಹೇಳಿಲ್ಲ. ಇದೇ ಕಡೀ ದಿಲ್‌ರುಬಾ, ಇನ್ನ ಸಾಕು ಅಂತ ಮಾಡಿದ್ದೆ."

ನನ್ನ ಕಡೆ ತಿರುಗಿ, "ನಿಮ್ಮ ಕಿವಿ ನನಗ ಬೇಕಾಗ್ಯದ ತಾಯಿ" ಎಂದರು.

ನನ್ನ ದನಿಯೇ ಹೋಗಿದೆ ಎಂದೆ. ಶರಣಮ್ಮ ಅದನ್ನು ಅವರಿಗೆ ಜೋರಾಗಿ ಹೇಳಿದಳು.

"ದನಿ ಯಾರು ಕೇಳ್ಯಾರ?" ಎಂದು ಮಾಸ್ತರರು ನಕ್ಕರು. "ಶ್ರುತಿ ನೀವು ಹಚ್ಚರಿ. ನುಡಸಾದು ನಾ ಕಲಸ್ತೀನಿ."

ನಾನು ಅಲ್ಲೇ ಕುಳಿತು ಅತ್ತೆ. ಮಾಸ್ತರರು ಹೋಳಿಗೆ ಮುರಿದು ಅರ್ಧ ನನ್ನ ಕೈಗಿಟ್ಟರು.

ಅಂದಿನಿಂದ ರವಿವಾರ ಬಂತೆಂದರೆ ಸೇಡಂನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋಗುತ್ತೇನೆ. ಮೊದಮೊದಲು ನನ್ನ ಕಮಾನು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಡುತ್ತಿತ್ತು. ಮಾಸ್ತರರು ಕೊಟ್ಟ ವಾದ್ಯ ಹಿಡಿದು ಮನೆಯಲ್ಲಿ ನಾನು ಅಭ್ಯಾಸಕ್ಕೆ ಕುಳಿತರೆ ಯಜಮಾನರು ಮಾಳಿಗೆ ಹತ್ತುತ್ತಿದ್ದರು. ಬೆರಳ ತುದಿ ದಪ್ಪವಾಗಿ ಗಟ್ಟಿಯಾದ ಮೇಲೆ ಸ್ವರ ನಿಲ್ಲತೊಡಗಿತು.

ಕಳೆದ ವರ್ಷ ಚಿತ್ತಾಪುರದಲ್ಲಿ ಶರಣಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯ. ಮಾಸ್ತರರನ್ನೂ ಕರೆದಿದ್ದರು. ನಾನು ಜೋಗುಳ ನುಡಿಸಲು ಕುಳಿತಾಗ ಅವರು ಪಕ್ಕದಲ್ಲಿ ಕುಳಿತು ವಾದ್ಯದ ಕಟ್ಟಿಗೆಯ ಮೇಲೆ ಅಂಗೈ ಇಟ್ಟರು. ಕಿವಿಗೆ ಸಿಗದ್ದನ್ನು ಅವರು ಕೈಯಿಂದ ಕೇಳುತ್ತಿದ್ದರು. ಎರಡನೆಯ ನುಡಿಗೆ ಹೆಂಗಸರೆಲ್ಲ ದನಿಗೂಡಿಸಿದರು. ಹಾಡು ಮುಗಿದಾಗ ಮಾಸ್ತರರು, "ಬರೋಬರಿ ಬಂತು" ಎಂದಷ್ಟೇ ಅಂದರು.

ಆಪರೇಷನ್ ಆದ ಮೇಲೆ ನನ್ನ ಮೇಲೆ ಕನಿಕರಪಟ್ಟವರಿಗೆ ಲೆಕ್ಕವಿಲ್ಲ. ಅವರೆಲ್ಲ ಒಳ್ಳೆಯವರೇ. ಆದರೆ ನನ್ನಿಂದ ಏನಾದರೂ ಬೇಕು ಎಂದು ಕೇಳಿದವರು ಮಾಸ್ತರರೊಬ್ಬರೇ. ಹಾಗೆ ಕೇಳಿಸಿಕೊಳ್ಳುವುದಕ್ಕೇ ನಾನು ಅಷ್ಟು ದಿನ ಕಾಯುತ್ತಿದ್ದೆನೇನೋ ಎಂದು ಈಗಲೂ ಅನಿಸುತ್ತದೆ.