ಅಕ್ಕನ ದನಿಗೊಂದು ಬಾಡಿಗೆ ಮನೆ

ನಮ್ಮ ಬಚ್ಚಲಲ್ಲೊಂದು ನೀಲಿ ಪ್ಲಾಸ್ಟಿಕ್ ಟಬ್ಬಿದೆ. ಅಂಥ ಘನವಾದ ವಸ್ತುವೇನಲ್ಲ; ಆದರೂ ಅದನ್ನು ಕಂಡಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಹಳೆಯ ಮೊಬೈಲು ತಗೊಂಡು ಟಬ್ಬು, ಬಕೆಟ್ಟು ಕೊಡುವ ಗಾಡಿ ಮೈಕಿನಲ್ಲಿ ಕೂಗಿಕೊಂಡು ಮಲ್ಲೇಶ್ವರದ ಕ್ರಾಸುಗಳಲ್ಲೆಲ್ಲ ಸುತ್ತುವುದನ್ನು ನೀವೂ ಕೇಳಿರಬಹುದು. ನನ್ನಕ್ಕ ಶಾರದೆ ತನ್ನ ಹಳೆಯ ಫೋನನ್ನು ಆ ಗಾಡಿಗೆ ಕೊಟ್ಟು, ಟಬ್ಬನ್ನು ಸೊಂಟಕ್ಕೇರಿಸಿಕೊಂಡು, ರಾಜ್ಯ ಗೆದ್ದವಳ ಹಾಗೆ ಒಳಗೆ ಬಂದಿದ್ದಳು. ಆ ಫೋನಿನಲ್ಲಿ ಅವಳೇ ಹಾಡಿದ್ದ ಆರತಿ ಹಾಡುಗಳೂ ಹಸೆ ಹಾಡುಗಳೂ ಇದ್ದವು. ನಾನು ಹೌಹಾರಿದರೆ ಅವಳು ನಕ್ಕಳು. "ಎಲ್ಲಾ ನಿನ್ ಬ್ಲಾಗಲ್ಲಿದೆಯಲ್ಲೇ, ಇನ್ನು ಈ ಡಬ್ಬಾ ಯಾಕೆ?"

ಇದ್ದದ್ದು ನಿಜ. ನಮ್ಮ ಬಳಗದ ಮದುವೆ, ಸೀಮಂತಗಳಲ್ಲಿ ಅಕ್ಕನ ಹಾಡು ಮುಗಿಯದೆ ಆರತಿ ತಟ್ಟೆ ಕೆಳಗಿಳಿಯುತ್ತಿರಲಿಲ್ಲ. ಆ ಹಾಡುಗಳಿಗಾಗಿಯೇ ನಾನು ಬ್ಲಾಗು ತೆರೆದು, ಬ್ಲಾಗುಗಳಿಗೆ ಇಂಟರ್ನೆಟ್ಟಿನಲ್ಲಿ ಜಾಗ ಬಾಡಿಗೆಗೆ ಕೊಡುವ, ಕೈಗೆ ಸಿಕ್ಕ ಅಗ್ಗದ ಹೋಸ್ಟಿಂಗ್ ಕಂಪನಿಯೊಂದರಲ್ಲಿ ಜಾಗ ಹಿಡಿದಿದ್ದೆ. ಟಬ್ಬು ಬಂದ ಮರುವರ್ಷ ಅಕ್ಕನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವಳ ಮಾತೆಲ್ಲ ಪಿಸುಗುಟ್ಟುವುದರಲ್ಲೇ.

ಹೀಗಿರುವಾಗ ಒಂದು ಬೆಳಿಗ್ಗೆ ಬ್ಲಾಗು ತೆರೆಯಲಿಲ್ಲ. ಕಂಪನಿಗೆ ಫೋನಾಯಿಸಿದರೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ವಾರವೆಲ್ಲ ಆ ಖಾಲಿ ಬಿಳಿ ಪರದೆಯನ್ನು ನೋಡುತ್ತ ನಾನು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಅಕ್ಕನ ದನಿ ಜಗತ್ತಿನಲ್ಲಿ ಉಳಿದಿದ್ದದ್ದು ಅದೊಂದೇ ಕಡೆ, ಆ ಕಡೆ ಯಾವುದೆಂದೇ ನನಗೆ ಗೊತ್ತಿರಲಿಲ್ಲ! ಕೊನೆಗೆ ಹೋದ ಹಾಗೆಯೇ, ಯಾವ ವಿವರಣೆಯೂ ಇಲ್ಲದೆ, ಬ್ಲಾಗು ಹಿಂತಿರುಗಿತು. ಅವತ್ತೇ ಅದಕ್ಕೆ ಬೇರೆ ಮನೆ ಹುಡುಕಲು ಕೂತೆ.

ಹುಡುಕುವುದೇನೋ ಸರಿ, ಆರಿಸುವುದು ಹೇಗೆ? ಎಲ್ಲ ಕಂಪನಿಗಳೂ ತಾವೇ ನಂಬಿಗಸ್ತರೆಂದು ಸಾರುತ್ತಿದ್ದವು, ಎಲ್ಲರಿಗೂ ಐದೈದು ನಕ್ಷತ್ರ. ಬಾಡಿಗೆ ಮನೆಯಾಗಿದ್ದರೆ ಅಡುಗೆಮನೆಯ ನಲ್ಲಿ ತಿರುಗಿಸಿ, ಪಕ್ಕದವರನ್ನು ಮಾತಾಡಿಸಿ ಬರಬಹುದಿತ್ತು. ಈ ಮನೆಗೆ ನಲ್ಲಿಯೂ ಇಲ್ಲ, ನೆರೆಯೂ ಇಲ್ಲ. ನನ್ನ ಪೇಚಾಟ ನೋಡಿದ ಅಕ್ಕ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಗೌರಿ ಹಬ್ಬದ ದಿನ, ಊಟದ ಹೊತ್ತಿಗೆ ಸರಿಯಾಗಿ ಫೋನ್ ಮಾಡು. ಒಬ್ಬಟ್ಟು ಬಿಟ್ಟು ಎದ್ದು ಬರೋರು ಯಾರೋ ನೋಡೋಣ."

ನಕ್ಕುಬಿಟ್ಟೆ. ಆದರೆ ಹಬ್ಬದ ಮಧ್ಯಾಹ್ನ, ಎಲೆ ಹಾಕಿದ ಮೇಲೆ, ಫೋನು ಹಿಡಿದು ಕೂತೆ. ಮೊದಲನೆಯವರದು ಬರೀ ಸಂಗೀತ. ಎರಡನೆಯವರು ನಾಳೆ ಫೋನ್ ಮಾಡಿ ಎಂದರು. ಮೂರನೆಯ ಕಡೆ ಒಬ್ಬ ಹೆಣ್ಣುಮಗಳು ಎತ್ತಿದಳು. ನಾನು ಹಾಡುಗಳ ಕಥೆಯನ್ನೂ ಅಕ್ಕನ ಗಂಟಲಿನ ಕಥೆಯನ್ನೂ ಹೇಳಿ, "ಕಳೆದುಹೋಗಲ್ಲ ತಾನೇ?" ಎಂದು ಕೇಳಿದೆ.

"ದಿನಾ ಬ್ಯಾಕಪ್ ತಗೋತೀವಿ ಮೇಡಂ, ಬೇರೆ ಊರಲ್ಲೂ ಒಂದು ಕಾಪಿ ಇರತ್ತೆ," ಎಂದಳು. "ಆದ್ರೂ ನಮ್ಮನ್ನೊಬ್ರನ್ನೇ ನಂಬ್ಕೊಂಡಿರ್ಬೇಡಿ. ನಿಮ್ಮ ಹತ್ರಾನೂ ಒಂದು ಕಾಪಿ ಇಟ್ಕೊಳಿ," ಎಂದು ಸೇರಿಸಿದಳು.

ನಮ್ಮನ್ನೊಬ್ಬರನ್ನೇ ನಂಬಬೇಡಿ ಎನ್ನುವ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿರಲಿಲ್ಲ. ಆ ಮಾತಿಗೇ ಮನಸೋತು ಅವರಲ್ಲಿ ಜಾಗ ಹಿಡಿದೆ. ಹಾಡುಗಳು ಹೊಸ ಮನೆಗೆ ಸೇರಿದ ದಿನ ಅಕ್ಕ ಹಾಲುಕ್ಕಿಸಿದಳು, ಲ್ಯಾಪ್‌ಟಾಪಿಗೂ ಕುಂಕುಮ ಬಂತು. ನಾನು ಮಾತ್ರ ಬೆರಗಾಗಿ ಕೂತಿದ್ದೆ. ಎಂದೂ ಕಾಣದ ಊರಿನ ತಣ್ಣನೆಯ ಕೋಣೆಯಲ್ಲಿ, ಹೆಸರರಿಯದ ಯಾರದೋ ಕಾವಲಿನಲ್ಲಿ, ನನ್ನಕ್ಕನ ಉಸಿರಿದೆ. ಎರಡನೆಯ ನುಡಿಗೆ ಮೊದಲು ಅವಳು ಕೆಮ್ಮಿದ್ದೂ ಇದೆ. ಕೇಳಬೇಕೆಂದವರಿಗೆ ಯಾವ ದೇಶದಲ್ಲಿದ್ದರೂ ಆ ಕೆಮ್ಮು ಕೇಳುತ್ತದೆ. ಇದು ಯಂತ್ರದ ಕೆಲಸವೆಂದು ಎಷ್ಟು ಹೇಳಿಕೊಂಡರೂ ಮೈ ಜುಮ್ಮೆನ್ನುವುದು ನಿಲ್ಲಲಿಲ್ಲ.

ಹಾಗೆ ನೋಡಿದರೆ, ಈ ಹಾಡುಗಳು ನಮ್ಮವರೆಗೆ ಬಂದದ್ದಾದರೂ ಹೇಗೆ? ಬರೆದಿಟ್ಟವರಿಲ್ಲ. ಅಕ್ಕನಿಗೆ ಕಲಿಸಿದ ಸೋದರತ್ತೆ ತನ್ನ ಸೊಸೆಯರಿಗೂ ಕಲಿಸಿದ್ದಳು, ಚಾಮರಾಜಪೇಟೆಯ ಓರಗಿತ್ತಿಯರಿಗೂ ಕಲಿಸಿದ್ದಳು. ಒಬ್ಬಳು ಮರೆತರೆ ಇನ್ನೊಬ್ಬಳ ಬಾಯಲ್ಲಿತ್ತು. ಅವರೆಲ್ಲ ಒಬ್ಬೊಬ್ಬರಾಗಿ ಹೋಗಿ, ಕಡೆಗೆ ಉಳಿದದ್ದು ಅಕ್ಕನ ಗಂಟಲೊಂದೇ ಎಂಬುದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ. ಆ ಫೋನಿನ ಹುಡುಗಿ ಹೇಳಿದ್ದನ್ನು ಯಾರೂ ಹೇಳಿಕೊಡದೆಯೇ ಆ ಹೆಂಗಸರು ಮಾಡಿಕೊಂಡು ಬಂದಿದ್ದರು.

ಇದನ್ನು ಅಕ್ಕನಿಗೆ ಹೇಳಿದೆ. ಅವಳು ಬ್ಲಾಗಿನಲ್ಲಿ ಗೌರಿಯ ಆರತಿ ಹಾಡನ್ನು ಹಾಕಿ, ಮೊದಲ ಸಾಲಿಗೇ ನಿಲ್ಲಿಸಿ, ನನ್ನ ಕಡೆ ತಿರುಗಿದಳು.

"ಹೂಂ, ನೀನು ಹಾಡು."

"ನನ್ನ ದನಿ ಕಾಗೆ ಥರ ಇದೆ ಕಣೇ ಅಕ್ಕಾ!"

"ಇರ್ಲಿ ಬಿಡು. ನನಗೆ ಕಾಗೆ ದನೀನೂ ಇಲ್ವಲ್ಲ."

ಹಾಡಿದೆ. ಶ್ರುತಿಯಿಲ್ಲ, ತಾಳವಿಲ್ಲ, ಅರ್ಧಕ್ಕೇ ಉಸಿರು ಸಾಲಲಿಲ್ಲ. ಅಕ್ಕ ನನ್ನ ತೊಡೆಯ ಮೇಲೆ ತಾಳ ತಟ್ಟುತ್ತ, ದನಿಯಿಲ್ಲದ ತುಟಿಗಳಲ್ಲಿ ಒಂದೊಂದು ಅಕ್ಷರವನ್ನೂ ನನಗಿಂತ ಒಂದು ಕ್ಷಣ ಮೊದಲೇ ಆಡುತ್ತಿದ್ದಳು. ನಾನು ಆ ತುಟಿಗಳನ್ನೇ ನೋಡುತ್ತ ಹಿಂದೆ ಹಿಂದೆ ಹೋದೆ. ಮುಗಿದಾಗ ಇಬ್ಬರ ಕಣ್ಣೂ ಒದ್ದೆಯಾಗಿತ್ತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು: "ಎರಡನೇ ನುಡೀಲಿ ತಪ್ಪಿದೆ. ಮೊದಲಿಂದ ಹಾಡು."